ತಮ್ಮ ಜೈಲಿನಲ್ಲಿದ್ದಾನೆ. ಅವನನ್ನು ನೋಡೋಕೆ ಸಂದರ್ಶನಕ್ಕೆ ಹೋಗುವಾಗ ದುಡ್ಡು ಒಯ್ಯಬಹುದಾ? ಪಿಪಿಸಿಗೆ ಹಾಕೋದು ಹೇಗೆ?

ಸಂಜೆಮಲ್ಲಿಗೆ:
ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಒಂದು ಕೇಸಿನಲ್ಲಿ ಸಿಕ್ಕಿಕೊಂಡು ಈಗ ಸೆಂಟ್ರಲ್ ಜೈಲಿನಲ್ಲಿದ್ದಾನೆ. ಇನ್ನೂ ವಿಚಾರಣೆ ಶುರುವಾಗಿಲ್ಲ. ಕೇಸಿನ ವಿಷಯ ಇಲ್ಲಿ ಬೇಡ. ನಮ್ಮ ಮನೆಯಲ್ಲಿ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿದವರೇ ಇಲ್ಲ. ಅಪ್ಪ ಮಾತು ಬಿಟ್ಟು ಕೂತಿದ್ದಾರೆ. ಓಡಾಟ ಎಲ್ಲ ನನ್ನ ತಲೆ ಮೇಲೆ.

ಅವನು ಒಳಗಿನಿಂದ ಫೋನ್ ಮಾಡಿದ್ದ. ಮಾತು ಮುಗಿಯುವ ಮುಂಚೆ ಲೈನ್ ಕಟ್ಟಾಯಿತು. ಅಷ್ಟರಲ್ಲಿ ಹೇಳಿದ್ದು ಇಷ್ಟೇ: "ಅಕ್ಕ, ಬರುವಾಗ ದುಡ್ಡು ತಗೊಂಡು ಬಾ, ಪಿಪಿಸಿಗೆ ಹಾಕು." ಪಿಪಿಸಿ ಅಂದ್ರೆ ಏನು ಅಂತ ಕೇಳೋಕೂ ಆಗಲಿಲ್ಲ.

ಸೋಮವಾರ ಮೊದಲ ಸಲ ನೋಡೋಕೆ ಹೋಗುತ್ತಿದ್ದೇನೆ. ದುಡ್ಡು ಅವನ ಕೈಗೇ ಕೊಡಬಹುದಾ? ಎಷ್ಟು ಕೊಡಬೇಕು? ನಮ್ಮ ಬೀದಿಯವರೊಬ್ಬರು "ಗೇಟ್ ಹತ್ತಿರ ನಮಗೆ ಗೊತ್ತಿರುವವನು ಇದ್ದಾನೆ, ಅವನಿಗೆ ಕೊಟ್ಟರೆ ಸಂಜೆಯೊಳಗೆ ತಲುಪಿಸ್ತಾನೆ" ಅನ್ನುತ್ತಿದ್ದಾರೆ. ಅದು ನಂಬೋ ಮಾತಾ? ತಿಳಿದವರು ದಯವಿಟ್ಟು ಹೇಳಿ.

ಗೇಟಿನಾಚೆ:
ಸಂಜೆಮಲ್ಲಿಗೆ, ಮೊದಲು ಆ ಬೀದಿಯವರ ಮಾತು ಬಿಟ್ಟುಬಿಡಿ. ಗೇಟ್ ಹತ್ತಿರ ಯಾರ ಕೈಗೂ ಒಂದು ರೂಪಾಯಿ ಕೊಡಬೇಡಿ. ಅವನು ತಲುಪಿಸದೆ ಇದ್ದರೆ ನಿಮ್ಮ ದುಡ್ಡು ಹೋಯಿತು. ತಲುಪಿಸಿದರೆ ಇನ್ನೂ ಕಷ್ಟ, ಯಾಕಂದ್ರೆ ತಪಾಸಣೆಯಲ್ಲಿ ತಮ್ಮನ ಹತ್ತಿರ ನೋಟು ಸಿಕ್ಕರೆ ಸಿಕ್ಕಿಬೀಳುವವನು ಅವನೇ, ಗೇಟಿನವನಲ್ಲ.

ನನ್ನ ಯಜಮಾನರು ಸಜಾ ಬಂದಿ, ಅಂದ್ರೆ ಶಿಕ್ಷೆ ಆದವರು. ಮಗಳು ಅಂಗನವಾಡಿಯಲ್ಲಿದ್ದಾಗ ಶುರುವಾದ ಓಡಾಟ, ಈಗ ಅವಳು ಹೈಸ್ಕೂಲು. ಹಾಗಾಗಿ ಇದನ್ನೆಲ್ಲ ನೋಡಿ ನೋಡಿ ರೂಢಿಯಾಗಿದೆ.

ಪಿಪಿಸಿ ಅಂದ್ರೆ ಪ್ರಿಸನರ್ಸ್ ಪ್ರೈವೇಟ್ ಕ್ಯಾಶ್. ಬ್ಯಾಂಕ್ ಖಾತೆ ಅಲ್ಲ. ಜೈಲಿನ ಆಫೀಸಿನಲ್ಲಿ ಪ್ರತಿ ಬಂದಿಯ ಹೆಸರಿನಲ್ಲಿ ಇರುವ ಒಂದು ಲೆಕ್ಕ. ನೀವು ಕಟ್ಟಿದ ದುಡ್ಡು ಅದರಲ್ಲಿ ಜಮೆಯಾಗುತ್ತದೆ. ಅವರು ಒಳಗಿನ ಕ್ಯಾಂಟೀನಿನಲ್ಲಿ ಏನಾದರೂ ತಗೊಂಡರೆ ಅದರಿಂದ ಕಳೆಯುತ್ತಾರೆ. ನೋಟು ಅವರ ಕೈಗೆ ಬರುವುದೇ ಇಲ್ಲ. ಅರೆಸ್ಟ್ ಆದ ದಿನ ಅವನ ಜೇಬಿನಲ್ಲಿ ದುಡ್ಡಿದ್ದು, ಪೊಲೀಸರು ಅದನ್ನು ಕೇಸಿಗೆ ಜಪ್ತಿ ಮಾಡಿರದಿದ್ದರೆ, ಅದೂ ಒಳಗೆ ಹೋಗುವಾಗ ಬರೆಸಿಕೊಂಡು ಅದೇ ಲೆಕ್ಕಕ್ಕೆ ಹೋಗಿರುತ್ತದೆ. ತಮ್ಮನನ್ನು ಕೇಳಿ ನೋಡಿ.

ಸೋಮವಾರ ಹೋದಾಗ ಸಂದರ್ಶನದ ಚೀಟಿ ಬರೆಸುವ ಜಾಗದಲ್ಲೇ "ಪಿಪಿಸಿ ಎಲ್ಲಿ ಕಟ್ಟಬೇಕು" ಅಂತ ಕೇಳಿ. ಒಂದೊಂದು ಜೈಲಿನಲ್ಲಿ ಒಂದೊಂದು ಪದ್ಧತಿ. ಕೆಲವು ಕಡೆ ಕೌಂಟರಿನಲ್ಲಿ ನಗದು ತಗೊಳ್ಳುತ್ತಾರೆ, ಕೆಲವು ಕಡೆ ಬ್ಯಾಂಕಿಗೆ ಕಟ್ಟಿ ಎನ್ನುತ್ತಾರೆ. ಎಷ್ಟರವರೆಗೆ ತಗೊಳ್ಳುತ್ತಾರೆ ಅನ್ನುವುದನ್ನೂ ಅಲ್ಲೇ ಕೇಳಿ, ಮಿತಿ ಇರುತ್ತದೆ. ಕಟ್ಟಿದ ಮೇಲೆ ರಸೀದಿ ಇಲ್ಲದೆ ಕಿಟಕಿ ಬಿಟ್ಟು ಕದಲಬೇಡಿ.

ಇನ್ನೊಂದು ಮಾತು. ಆಧಾರ್ ಒರಿಜಿನಲ್ ಮತ್ತು ಜೆರಾಕ್ಸ್ ಎರಡೂ ಇಟ್ಟುಕೊಳ್ಳಿ. ಮೊಬೈಲ್ ಒಳಗೆ ಬಿಡುವುದಿಲ್ಲ. ಹಾಗಾಗಿ ಅವನ ಯುಟಿಪಿ ನಂಬರ್ (ವಿಚಾರಣಾಧೀನ ಬಂದಿಗೆ ಜೈಲಿನಲ್ಲಿ ಕೊಡುವ ನಂಬರ್), ಕೇಸ್ ನಂಬರ್, ವಕೀಲರ ನಂಬರ್ ಎಲ್ಲ ಕಾಗದದ ಮೇಲೆ ಬರೆದುಕೊಳ್ಳಿ. ಕಿಟಕಿ ಮುಂದೆ ನಿಂತು "ನಂಬರ್ ಫೋನಲ್ಲಿದೆ ಸಾರ್" ಅನ್ನೋರು ದಿನಾ ಸಿಗುತ್ತಾರೆ.

ಬಯಲುಸೀಮೆ:
ಈಗ ಎಲ್ಲಾ ಕಡೆ ಸ್ಕ್ಯಾನ್ ಮಾಡಿ ಕಳಿಸೋದು ಬಂದಿದೆ, ಹೂವಿನ ಅಂಗಡಿಯಲ್ಲೂ ಇದೆ. ಜೈಲಿಗೆ ಮಾತ್ರ ಯಾಕೆ ಕ್ಯೂ ನಿಲ್ಲಬೇಕು? ನಮ್ಮ ಮಾವ ಬೇರೆ ಜಿಲ್ಲೆಯ ಜೈಲಿನಲ್ಲಿದ್ದಾರೆ. ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜ್ ಕೊಟ್ಟು, ಐನೂರು ರೂಪಾಯಿ ಕಟ್ಟಿ ಬರೋಕೆ ಐನೂರಕ್ಕಿಂತ ಜಾಸ್ತಿ ಖರ್ಚಾಗುತ್ತದೆ.

ಅಂಚೆಯಣ್ಣ:
ಬಯಲುಸೀಮೆಯವರೇ, ಮನಿ ಆರ್ಡರ್ ಮರೆತೇಬಿಟ್ಟಿರಾ? ನಾನು ಅಂಚೆ ಇಲಾಖೆಯಲ್ಲಿದ್ದು ನಿವೃತ್ತಿಯಾದವನು. ಜೈಲಿಗೆ ಹೋಗುವ ಮನಿ ಆರ್ಡರ್‌ಗಳನ್ನು ವರ್ಷಗಟ್ಟಲೆ ನೋಡಿದ್ದೇನೆ. ನಮ್ಮ ದೇಶದಲ್ಲಿ ಇದು 1880ರಿಂದ ಇದೆ. ಹಳೇ ಕಾಗದದ ಪದ್ಧತಿ 2015ರಲ್ಲಿ ನಿಂತಿತು, ಈಗಿರುವುದು ಎಲೆಕ್ಟ್ರಾನಿಕ್ ಮನಿ ಆರ್ಡರ್. ಒಂದು ಫಾರಂನಲ್ಲಿ 5,000 ರೂಪಾಯಿವರೆಗೆ ಕಳಿಸಬಹುದಿತ್ತು, ಈಗಿನ ಮಿತಿ ಕೌಂಟರಿನಲ್ಲಿ ಕೇಳಿ. ಕಮಿಷನ್ ಪ್ರತಿ 20 ರೂಪಾಯಿಗೆ 1 ರೂಪಾಯಿ. ಅಂದ್ರೆ 1,000ಕ್ಕೆ 50. ದುಬಾರಿ ಅನ್ನಿಸಬಹುದು, ಆದರೆ ನಿಮ್ಮ ಬಸ್ ಚಾರ್ಜ್ ಮುಂದೆ ಏನೂ ಅಲ್ಲ.

ವಿಳಾಸ ಬರೆಯೋದರಲ್ಲಿದೆ ಎಲ್ಲಾ. ಬಂದಿಯ ಪೂರ್ತಿ ಹೆಸರು, ತಂದೆಯ ಹೆಸರು, ಯುಟಿಪಿ ಅಥವಾ (ಶಿಕ್ಷೆ ಆದವರಾದರೆ) ಸಿಟಿಪಿ ನಂಬರ್, ಆಮೇಲೆ ಅಧೀಕ್ಷಕರು, ಜೈಲಿನ ಹೆಸರು, ಊರು, ಪಿನ್. ಮಂಜುನಾಥ ಅಂತ ಬರೆದು ಜೈಲಿನ ಹೆಸರು ಬರೆದರೆ ಯಾವ ಮಂಜುನಾಥ? ದೊಡ್ಡ ಜೈಲಿನಲ್ಲಿ ಆ ಹೆಸರಿನವರು ಒಂದು ಸಾಲೇ ಇರುತ್ತಾರೆ. ತಂದೆ ಹೆಸರೂ ಹೊಂದಿಕೆಯಾಗುವ ಪ್ರಸಂಗ ಬರುತ್ತದೆ, ನಗಬೇಡಿ. ನಂಬರ್ ಒಂದೇ ಗತಿ.

ದುಡ್ಡು ಬಂದಿಯ ಕೈಗೆ ಪೋಸ್ಟ್‌ಮ್ಯಾನ್ ಕೊಡುವುದಿಲ್ಲ. ಜೈಲಿನ ಕಚೇರಿಯವರು ಸಹಿ ಮಾಡಿ ತಗೊಂಡು ಲೆಕ್ಕಕ್ಕೆ ಏರಿಸುತ್ತಾರೆ. ಮೊದಲೆಲ್ಲ ಕೂಪನ್ ಮೇಲೆ ನಾಲ್ಕು ಸಾಲು ಬರೆಯೋಕೆ ಜಾಗ ಇತ್ತು. ತಾಯಂದಿರು ಕೌಂಟರ್ ಮುಂದೆ ನಿಂತು "ಹಸು ಕರು ಹಾಕಿದೆ ಅಂತ ಬರೀರಿ ಸಾರ್" ಅನ್ನುತ್ತಿದ್ದರು. ಈಗ ಸಿದ್ಧ ಸಂದೇಶಗಳ ಪಟ್ಟಿಯಿಂದ ಒಂದನ್ನು ಆರಿಸಬೇಕು. ಅದರಲ್ಲಿ ಹಸು ಇಲ್ಲ.

ಖಡಕ್‌ಮಾತು:
ಒಂದು ಪ್ರಶ್ನೆ, ಬೇಜಾರಾಗಬೇಡಿ. ಜೈಲಿನಲ್ಲಿ ಊಟ ಕೊಡ್ತಾರೆ, ಇರೋಕೆ ಜಾಗ ಕೊಡ್ತಾರೆ, ಎಲ್ಲಾ ನಮ್ಮ ತೆರಿಗೆಯಲ್ಲಿ. ಇನ್ನು ಮನೆಯವರು ಮೇಲೆ ದುಡ್ಡು ಬೇರೆ ಕಳಿಸಬೇಕಾ? ಬಿಸ್ಕತ್ತು ತಿನ್ನೋಕೆ ಹೋಗಿದ್ದಾರಾ ಅಲ್ಲಿ?

ಮರಳಿಬಂದವ:
ಖಡಕ್‌ಮಾತು, ನಾನು ಹೋಗಿದ್ದೆ. ಬಿಸ್ಕತ್ತು ತಿನ್ನೋಕಲ್ಲ, ನನ್ನ ಮೇಲೆ ಹಾಕಿದ ಕೇಸಿಗೆ. ಕೋರ್ಟು ನನ್ನನ್ನು ಬಿಟ್ಟಿತು. ಅಷ್ಟರವರೆಗೆ ಒಳಗಿದ್ದ ಕಾಲವನ್ನು ಯಾರೂ ವಾಪಸ್ ಕೊಡಲಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ (ಎನ್‌ಸಿಆರ್‌ಬಿ) ಲೆಕ್ಕ ನೋಡಿ: 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು, ಅದರಲ್ಲಿ 4,34,302 ಜನ ವಿಚಾರಣಾಧೀನ ಬಂದಿಗಳು. ನಾಲ್ವರಲ್ಲಿ ಮೂವರ ತಪ್ಪು ಇನ್ನೂ ಸಾಬೀತಾಗಿಲ್ಲ.

ಊಟ ಕೊಡುತ್ತಾರೆ, ನಿಜ. ಆದರೆ ಸೋಪು ಮುಗಿದರೆ? ಹಲ್ಲುಜ್ಜೋ ಪೇಸ್ಟು, ತಲೆಗೆ ಎಣ್ಣೆ, ಒಳಉಡುಪು, ಕಾಗದ, ಪೆನ್ನು? ಮನೆಗೆ ಫೋನ್ ಮಾಡೋಕೂ ದುಡ್ಡು ಬೇಕು. ಬ್ಯಾರಕ್ಕಿನಲ್ಲಿ ಪಿಪಿಸಿ ಖಾಲಿ ಇರುವವನು ಯಾರು ಅಂತ ಎರಡು ದಿನಕ್ಕೆ ಗೊತ್ತಾಗಿಬಿಡುತ್ತದೆ. ಅವನು ಇನ್ನೊಬ್ಬರ ಬಟ್ಟೆ ಒಗೆಯುತ್ತಾನೆ, ತಟ್ಟೆ ತೊಳೆಯುತ್ತಾನೆ, ಪ್ರತಿಯಾಗಿ ಅರ್ಧ ಸೋಪು ಸಿಗುತ್ತದೆ. ನನ್ನ ಪಕ್ಕದಲ್ಲಿ ಮಲಗುತ್ತಿದ್ದ ಹುಡುಗ ಉತ್ತರ ಭಾರತದವನು. ಅವನನ್ನು ನೋಡೋಕೆ ಯಾರೂ ಬರುತ್ತಿರಲಿಲ್ಲ. ಸೋಪನ್ನು ದಾರದಿಂದ ಕೊಯ್ದು ನಾಲ್ಕು ತುಂಡು ಮಾಡಿ, ಒಂದೊಂದನ್ನೇ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಡುತ್ತಿದ್ದ. ಒದ್ದೆಯಾಗಿ ಕರಗಬಾರದು ಅಂತ. ಬಟ್ಟೆಗೆ ಒಂದು ತುಂಡು, ಮೈಗೆ ಒಂದು, ಮಿಕ್ಕಿದ್ದು ಸಾಲ ತೀರಿಸೋಕೆ.

ಆದರೆ ಸಂಜೆಮಲ್ಲಿಗೆ, ಇದನ್ನು ಓದಿ ಗಾಬರಿಯಾಗಿ ಒಂದೇ ಸಲ ಜಾಸ್ತಿ ಹಾಕಬೇಡಿ. ಹೊಸಬನ ಲೆಕ್ಕದಲ್ಲಿ ದೊಡ್ಡ ಮೊತ್ತ ಬಿದ್ದರೆ ಅದೂ ಸುದ್ದಿಯಾಗುತ್ತದೆ. "ಅಣ್ಣಾ, ನನಗೂ ಒಂದು ಪ್ಯಾಕೆಟ್ ಹಾಕಿಸು" ಅಂತ ಶುರುವಾಗುತ್ತದೆ. ಮೊದಲು ಕೇಳೋದು, ಆಮೇಲೆ ಹೆದರಿಸೋದು. ಸಣ್ಣ ಮೊತ್ತ, ತಪ್ಪದೆ ಬರೋದು, ಅದೇ ಒಳ್ಳೆಯದು. ಇವನ ಹಿಂದೆ ಮನೆಯವರು ಇದ್ದಾರೆ ಅಂತ ಗೊತ್ತಾದರೆ ಸಾಕು, ಇವನ ಹತ್ತಿರ ದುಡ್ಡಿದೆ ಅಂತ ಗೊತ್ತಾಗಬೇಕಿಲ್ಲ.

ಖಡಕ್‌ಮಾತು:
ಆಯ್ತಪ್ಪ, ವಿಚಾರಣಾಧೀನರ ವಿಷಯ ಒಪ್ಪಿದೆ. ಶಿಕ್ಷೆ ಆದವರಿಗೆ?

ಗೇಟಿನಾಚೆ:
ಶಿಕ್ಷೆ ಆದವರು ದುಡಿಯುತ್ತಾರೆ ಸ್ವಾಮಿ. ಸುಮ್ನೆ ಕೂರಿಸಿ ಊಟ ಹಾಕುವುದಿಲ್ಲ. ನಮ್ಮ ರಾಜ್ಯದಲ್ಲಿ 2023ರ ಹೊತ್ತಿಗೆ ಕೂಲಿ ಜಾಸ್ತಿ ಮಾಡಿದರು. ಹೊಸಬರ ಕೆಲಸಕ್ಕೆ ದಿನಕ್ಕೆ 524, ಪೂರ್ತಿ ಪಳಗಿದವರಿಗೆ 663 ಅಂತ. ನಮ್ಮವರು ನೇಯ್ಗೆ ವಿಭಾಗದಲ್ಲಿದ್ದಾರೆ. ಕೂಲಿ ಅವರ ಲೆಕ್ಕಕ್ಕೆ ಬೀಳುತ್ತದೆ. ಹೋದ ವರ್ಷ ಮಗಳ ಶಾಲೆ ಫೀಜಿಗೆ ಅರ್ಜಿ ಬರೆದುಕೊಟ್ಟು ಒಳಗಿನಿಂದ ಮನೆಗೆ ದುಡ್ಡು ಕಳಿಸಿದರು. ನಾವು ಕಳಿಸೋದು ನಿಂತು ಅವರು ಕಳಿಸೋದು ಶುರುವಾಗಿದೆ. ಫೀಜು ಕಟ್ಟಿದ ರಸೀದಿಯನ್ನು ಮುಂದಿನ ಸಂದರ್ಶನದಲ್ಲಿ ತೋರಿಸಿದೆ. ಗಾಜಿಗೆ ಒತ್ತಿ ಹಿಡಿದೆ, ಆಚೆಯಿಂದ ಎರಡು ಸಲ ಓದಿಕೊಂಡರು.

ಕರಿಕೋಟು:
ನಾನು ಕ್ರಿಮಿನಲ್ ಕೇಸುಗಳನ್ನು ನಡೆಸುವ ವಕೀಲ. ಕೂಲಿ ಮಾತು ಬಂದಿದ್ದರಿಂದ ಒಂದು ಸಣ್ಣ ಸೇರಿಕೆ. ಬಂದಿಗಳ ಕೆಲಸಕ್ಕೆ ನ್ಯಾಯವಾದ ಕೂಲಿ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 1998ರಲ್ಲಿ ಗುಜರಾತ್ ರಾಜ್ಯದ ಪ್ರಕರಣದಲ್ಲಿ ಹೇಳಿತು. ಅದೇ ತೀರ್ಪಿನಲ್ಲಿ ಆ ಕೂಲಿಯ ಒಂದು ಪಾಲು ಅಪರಾಧಕ್ಕೆ ಬಲಿಯಾದವರಿಗೆ ಪರಿಹಾರವಾಗಿ ಹೋಗಲಿ ಅಂತಲೂ ಇದೆ. ಖಡಕ್‌ಮಾತು ಅವರಿಗೆ ಇದು ಸಮಾಧಾನ ತರಬಹುದು. ಮರಳಿಬಂದವ ಹೇಳಿದ ಬಟ್ಟೆ ಒಗೆಸೋದು, ತಟ್ಟೆ ತೊಳೆಸೋದು ಇದೆಯಲ್ಲ, ಅದರಲ್ಲಿ ಜಾತಿ ನೋಡಿ ಕೆಲಸ ಹಂಚುವುದನ್ನು ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್ 3ರಂದು ಸಂವಿಧಾನಬಾಹಿರ ಅಂದಿದೆ. ದುಡ್ಡಿಲ್ಲದವನಿಂದ ದುಡ್ಡಿದ್ದವನು ಮಾಡಿಸಿಕೊಳ್ಳೋದಕ್ಕೆ ಮಾತ್ರ ಯಾವ ತೀರ್ಪೂ ಸಾಕಾಗಲ್ಲ.

ಈಗ ಮೂಲ ಪ್ರಶ್ನೆ. ಕೈಗೆ ನಗದು ಕೊಡಬಹುದಾ? ಕೂಡದು. ಕೇಂದ್ರದ 1894ರ ಕಾರಾಗೃಹ ಕಾಯ್ದೆಯ 25ನೇ ಸೆಕ್ಷನ್ನಿನಲ್ಲೇ ಇದೆ: ಬಂದಿ ತಂದ ಅಥವಾ ಅವನಿಗಾಗಿ ಕಳಿಸಿದ ಹಣ ಜೈಲರ್ ವಶದಲ್ಲಿರಬೇಕು. ನಮ್ಮಲ್ಲಿ ಕರ್ನಾಟಕ ಕಾರಾಗೃಹಗಳ ಕಾಯ್ದೆ, 1963 ಇದೆ. ನಿಷೇಧಿತ ವಸ್ತು ಒಳಗೆ ಸಾಗಿಸುವವರ ಮೇಲಿನ ಶಿಕ್ಷೆಯನ್ನು 2022ರ ತಿದ್ದುಪಡಿಯಲ್ಲಿ ಬಿಗಿ ಮಾಡಿದ್ದಾರೆ. ಚಪ್ಪಲಿಯ ಅಟ್ಟೆಯಲ್ಲಿ, ಬಾಳೆಹಣ್ಣಿನ ಒಳಗೆ, ಮಗುವಿನ ಬಟ್ಟೆಯಲ್ಲಿ ನೋಟು ಮಡಚಿ ಇಟ್ಟುಕೊಂಡು ಹೋಗುವವರಿದ್ದಾರೆ. ಎಲ್ಲಾ ಸಿಬ್ಬಂದಿಗೆ ಗೊತ್ತಿರುವ ಜಾಗಗಳೇ. ಸಿಕ್ಕರೆ ನಿಮ್ಮ ಸಂದರ್ಶನ ನಿಲ್ಲಬಹುದು, ಕೇಸೂ ಆಗಬಹುದು, ತಮ್ಮನ ಜಾಮೀನು ಅರ್ಜಿಯನ್ನು ವಿರೋಧಿಸುವವರಿಗೆ ಒಂದು ಕಾರಣವೂ ಸಿಗುತ್ತದೆ.

ನನ್ನ ಕಡೆಯಿಂದ ಒಂದು ಪ್ರಶ್ನೆ ಸಂಜೆಮಲ್ಲಿಗೆ. ನಿಮ್ಮ ಹತ್ತಿರ ಒಟ್ಟು ಎಷ್ಟು ದುಡ್ಡಿದೆ, ಅದು ಎಲ್ಲಿಗೆ ಹೋಗುತ್ತಿದೆ? ಅಂಕಿ ಇಲ್ಲಿ ಬರೆಯಬೇಡಿ, ನಿಮಗೆ ನೀವೇ ಹೇಳಿಕೊಳ್ಳಿ. ನಾನು ನೋಡಿದ ಮನೆಗಳಲ್ಲಿ ಕ್ಯಾಂಟೀನಿನ ಸಾವಿರ ರೂಪಾಯಿಗೆ ತಲೆ ಕೆಡಿಸಿಕೊಂಡವರು, ಕೋರ್ಟಿನ ಹೊರಗೆ "ಜಾಮೀನು ಕೊಡಿಸ್ತೀನಿ" ಅಂದವನ ಕೈಗೆ ಹಿಂದೆಮುಂದೆ ನೋಡದೆ ದೊಡ್ಡ ಮೊತ್ತ ಇಟ್ಟಿರುತ್ತಾರೆ.

ಸಂಜೆಮಲ್ಲಿಗೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕರಿಕೋಟು ಸಾರ್, ನೀವು ಹೇಳಿದ ಆ ಕೊನೆ ಮಾತು ನಮ್ಮ ಮನೆಗೇ ಹೇಳಿದ ಹಾಗಿದೆ. ಅಪ್ಪ ಚಿನ್ನ ಅಡ ಇಡೋ ಮಾತಾಡ್ತಿದ್ದಾರೆ. ಒಬ್ಬರು ಶ್ಯೂರಿಟಿ, ಅಂದ್ರೆ ಜಾಮೀನಿಗೆ ಹೊಣೆ ನಿಲ್ಲುವವರನ್ನು ಕೊಡಿಸುತ್ತೇನೆ, ಪಹಣಿ ಸಮೇತ ಆಳು ತರುತ್ತೇನೆ, ಇಷ್ಟು ಕೊಡಿ ಅಂತ ಬಂದಿದ್ದಾರೆ. ನಮ್ಮ ವಕೀಲರು ಅವರಲ್ಲ, ಬೇರೆಯವರು.

ಕರಿಕೋಟು:
ಅವರನ್ನು ಮನೆ ಬಾಗಿಲಿಂದಲೇ ಕಳಿಸಿಬಿಡಿ. ಬಾಡಿಗೆ ಶ್ಯೂರಿಟಿ ಅಂದ್ರೆ ಅದು. ಪಹಣಿ ಬೇರೆ ಯಾರದೋ, ಆಧಾರ್ ಇನ್ಯಾರದೋ. ಕೋರ್ಟಿನಲ್ಲಿ ಸಿಕ್ಕಿಬಿದ್ದರೆ ಜಾಮೀನೂ ಹೋಯಿತು, ಹೊಸ ಕೇಸೂ ಬಂತು. ನಿಮ್ಮ ಸಂಬಂಧಿಕರಲ್ಲಿ ಜಮೀನು ಇರುವವರು, ಸಂಬಳದ ಚೀಟಿ ಇರುವವರು ಒಬ್ಬರು ಸಾಕು.

ವಕೀಲರ ಖರ್ಚಿನ ವಿಷಯ ಬಿಡಿಸಿ ಹೇಳುತ್ತೇನೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಕಸ್ಟಡಿಯಲ್ಲಿರುವ ಯಾರಿಗಾದರೂ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ಆದಾಯ ಕೇಳುವಂತಿಲ್ಲ. ಬಡವ ಅಂತ ಸರ್ಟಿಫಿಕೇಟ್ ಬೇಡ. ಜಿಲ್ಲಾ ಕೋರ್ಟಿನ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ. 15100ಕ್ಕೆ ಫೋನ್ ಮಾಡಬಹುದು. ತಮ್ಮ ಒಳಗಿನಿಂದಲೇ ಜೈಲಿನ ಕಾನೂನು ನೆರವು ಕ್ಲಿನಿಕ್ಕಿನ ಮೂಲಕ ಅರ್ಜಿ ಕೊಡಬಹುದು. "ಪುಕ್ಕಟೆ ವಕೀಲರು ಕೆಲಸ ಮಾಡಲ್ಲ" ಅನ್ನೋ ಮಾತು ಕೇಳಿರುತ್ತೀರಿ. ಫೀಜು ತಗೊಂಡು ಕೆಲಸ ಮಾಡದವರನ್ನೂ ನಾನು ನೋಡಿದ್ದೇನೆ.

ಜಾಮೀನು ಸಿಕ್ಕಿಯೂ ದುಡ್ಡಿಲ್ಲದೆ ಒಳಗೇ ಉಳಿದವರಿಗೆ ಕೇಂದ್ರ ಗೃಹ ಸಚಿವಾಲಯ 2023ರಲ್ಲಿ ಬಡ ಬಂದಿಗಳಿಗೆ ನೆರವು ಅನ್ನೋ ಯೋಜನೆ ತಂದಿದೆ. ಶುರುವಾದಾಗ ವಿಚಾರಣಾಧೀನರ ಜಾಮೀನಿಗೆ 40,000 ರೂಪಾಯಿವರೆಗೆ, ಶಿಕ್ಷೆಯಾದವರ ದಂಡಕ್ಕೆ 25,000ವರೆಗೆ ಇತ್ತು. ದುಡ್ಡು ನಿಮ್ಮ ಕೈಗೆ ಬರಲ್ಲ, ಜಿಲ್ಲಾ ಸಮಿತಿ ಒಪ್ಪಿದ ಮೇಲೆ ಕೋರ್ಟಿಗೇ ಕಟ್ಟುತ್ತಾರೆ. ಮಾದಕ ವಸ್ತು, ಭ್ರಷ್ಟಾಚಾರ, ಅಕ್ರಮ ಹಣ ವರ್ಗಾವಣೆ, ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ಕೇಸುಗಳಿಗೆ ಇದು ಇಲ್ಲ.

ಇನ್ನು ಸುಪ್ರೀಂ ಕೋರ್ಟಿನ 2023ರ ಜನವರಿ 31ರ ಆದೇಶ. ಜಾಮೀನು ಆದೇಶದ ಪ್ರತಿಯನ್ನು ಕೋರ್ಟು ಇಮೇಲ್‌ನಲ್ಲಿ ಜೈಲಿಗೆ ಕಳಿಸಬೇಕು. ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲಿನ ಅಧೀಕ್ಷಕರು ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ತಿಂಗಳಾದರೂ ಶ್ಯೂರಿಟಿ ಕೊಡೋಕೆ ಆಗದಿದ್ದರೆ ಕೋರ್ಟು ತಾನೇ ಷರತ್ತು ಸಡಿಲಿಸುವ ಬಗ್ಗೆ ನೋಡಬಹುದು. ಜಾಮೀನು ಆದೇಶವಾಗಿ ಕೂತುಬಿಟ್ಟಿದ್ದರೆ ಇದನ್ನು ನಿಮ್ಮ ವಕೀಲರಿಗೆ ನೆನಪಿಸಿ.

ಬಯಲುಸೀಮೆ:
ಸಾರ್, ನಮ್ಮ ಮಾವನಿಗೆ ವಿಚಾರಣೆ ಎಳೀತಾನೇ ಇದೆ. ಇಷ್ಟು ಕಾಲ ಆದ ಮೇಲೆ ಬಿಡಬೇಕು ಅಂತ ಏನೋ ಇದೆಯಂತಲ್ಲ?

ಕರಿಕೋಟು:
ಇದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್. 2024ರ ಜುಲೈ 1ರಿಂದ ಜಾರಿ. ಆ ಅಪರಾಧಕ್ಕೆ ಇರುವ ಗರಿಷ್ಠ ಶಿಕ್ಷೆಯ ಅರ್ಧ ಕಾಲ ಒಳಗೇ ಕಳೆದಿದ್ದರೆ ಜಾಮೀನು. ಹಿಂದೆ ಎಂದೂ ಶಿಕ್ಷೆ ಆಗದ, ಮೊದಲ ಸಲದವರಾದರೆ ಮೂರನೇ ಒಂದು ಭಾಗ ಸಾಕು. ಮರಣದಂಡನೆ, ಜೀವಾವಧಿ ಬರುವ ಅಪರಾಧಗಳಿಗೆ ಅನ್ವಯಿಸಲ್ಲ. ಒಬ್ಬರ ಮೇಲೆ ಹಲವು ಕೇಸು ಬಾಕಿ ಇದ್ದರೂ ತೊಡಕು. ಅರ್ಜಿ ಹಾಕುವ ಕೆಲಸ ಜೈಲಿನ ಅಧೀಕ್ಷಕರದ್ದೇ. ಆದರೂ ನೀವು ಹೋಗಿ ಕೇಳಿ, ಕೇಳಿದವರ ಕಡತ ಬೇಗ ಮೇಲೆ ಬರುತ್ತದೆ.

ನೀರೊಲೆ:
ಸುಮ್ನೆ ಓದುತ್ತಿದ್ದೆ, ಒಂದು ಎಚ್ಚರಿಕೆ ಹೇಳಬೇಕು ಅನ್ನಿಸಿತು. ನಮ್ಮ ಅಕ್ಕನಿಗೆ ಒಂದು ಕರೆ ಬಂತು. "ನಿಮ್ಮ ಮಗನಿಗೆ ಒಳಗೆ ಹೊಡೆದಾಟದಲ್ಲಿ ಪೆಟ್ಟಾಗಿದೆ, ಆಸ್ಪತ್ರೆಗೆ ಸೇರಿಸಬೇಕು, ಈ ನಂಬರಿಗೆ ತಕ್ಷಣ ಹಾಕಿ" ಅಂತ. ಮಗನ ಹೆಸರು, ಕೇಸು, ಬ್ಯಾರಕ್ಕು ಎಲ್ಲಾ ಸರಿಯಾಗಿ ಹೇಳಿದ. ಅಕ್ಕ ಅಳುತ್ತಾ ಫೋನ್ ನನ್ನ ಕೈಗೆ ಕೊಟ್ಟಳು. "ಸರಿ, ನಾನೇ ಜೈಲಿಗೆ ಬಂದು ಕಟ್ಟುತ್ತೇನೆ" ಅಂದೆ. ಕಟ್ ಮಾಡಿದ. ಆಮೇಲೆ ವಿಚಾರಿಸಿದರೆ ಹುಡುಗ ಚೆನ್ನಾಗೇ ಇದ್ದ.

ಬಂದಿಗೆ ಹುಷಾರಿಲ್ಲದಿದ್ದರೆ ಚಿಕಿತ್ಸೆ ಸರ್ಕಾರದ ಹೊಣೆ. ಅದಕ್ಕೆ ಮನೆಯವರ ಹತ್ತಿರ ಯಾರೂ ಯುಪಿಐನಲ್ಲಿ ದುಡ್ಡು ಕೇಳಲ್ಲ. ಯಾರದೋ ಹೆಸರಿನ ಮೊಬೈಲ್ ನಂಬರಿಗೆ ಹಾಕಿ ಅಂದ್ರೆ ಅದು ಪಿಪಿಸಿ ಅಲ್ಲವೇ ಅಲ್ಲ.

ಮರಳಿಬಂದವ:
ನೀರೊಲೆ ಹೇಳಿದ್ದು ಸರಿ. ಇದರ ಇನ್ನೊಂದು ಮುಖ ಇದೆ. ಕೆಲವು ಸಲ ಒಳಗಿರುವ ನಿಮ್ಮವನೇ ಫೋನ್ ಮಾಡಿ "ಈ ನಂಬರಿಗೆ ಐದು ಸಾವಿರ ಹಾಕು, ಪ್ರಶ್ನೆ ಕೇಳಬೇಡ" ಅನ್ನುತ್ತಾನೆ. ದನಿ ಅವನದೇ, ಮಾತು ಅವನದಲ್ಲ. ಪಕ್ಕದಲ್ಲಿ ಯಾರೋ ನಿಂತಿರುತ್ತಾರೆ. ಆಗ ಹಾಕಿದರೆ ಮುಂದಿನ ವಾರ ಮತ್ತೆ ಬರುತ್ತದೆ. ಹಾಕದೆ ಸಂದರ್ಶನಕ್ಕೆ ಹೋಗಿ ಮುಖ ನೋಡಿ ಮಾತಾಡಿ. ವಕೀಲರ ಮೂಲಕ ಕೋರ್ಟಿಗೂ ತಿಳಿಸಬಹುದು, ಬ್ಯಾರಕ್ ಬದಲಿಸಿ ಅಂತ ಅಧೀಕ್ಷಕರಿಗೆ ಬರೆದು ಕೊಡಬಹುದು. ಬಾಯಿಮಾತಿನಲ್ಲಿ ಬೇಡ, ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಸಹಿ ತಗೊಳ್ಳಿ.

ಖಡಕ್‌ಮಾತು:
ಇಷ್ಟೆಲ್ಲಾ ಇದೆ ಅಂತ ಗೊತ್ತಿರಲಿಲ್ಲ ಕಣ್ರೀ. ಒಂದು ಕೇಳ್ತೀನಿ. ಆ ಉತ್ತರ ಭಾರತದ ಹುಡುಗನಂಥವರಿಗೆ, ಸಂಬಂಧವೇ ಇಲ್ಲದ ನಮ್ಮಂಥವರು ದುಡ್ಡು ಹಾಕಬಹುದಾ?

ಗೇಟಿನಾಚೆ:
ಅಬ್ಬಾ, ಎಲ್ಲಿಂದ ಎಲ್ಲಿಗೆ ಬಂದಿರಿ! ಬಂದಿಯ ಸಂಬಂಧ ಕೇಳುತ್ತಾರೆ, ಗುರುತು ಕೇಳುತ್ತಾರೆ. ಗೊತ್ತಿಲ್ಲದವರು ಒಬ್ಬ ಬಂದಿಯ ಹೆಸರಿಗೆ ದುಡ್ಡು ಹಾಕಿದರೆ ಅನುಮಾನ ಬರೋದು ಸಹಜ. ಅದಕ್ಕಿಂತ ಜೈಲಿನ ವೆಲ್ಫೇರ್ ಆಫೀಸರನ್ನು ಕಂಡು, ಯಾರೂ ಬಾರದವರಿಗೆ ಸೋಪು, ಪೇಸ್ಟು, ಬಟ್ಟೆ ಕೊಡುತ್ತೇವೆ ಅನ್ನಿ. ಅಧೀಕ್ಷಕರ ಒಪ್ಪಿಗೆ ಮೇಲೆ ತಗೊಳ್ಳುತ್ತಾರೆ. ಹೆಂಗಸರ ಬ್ಯಾರಕ್ಕಿಗೆ ಕೊಡುವಿರಾದರೆ ಸ್ಯಾನಿಟರಿ ಪ್ಯಾಡ್, ಒಳಉಡುಪು ಮೊದಲು. ತಾಯಿ ಜೊತೆ ಆರು ವರ್ಷದೊಳಗಿನ ಮಕ್ಕಳೂ ಒಳಗೆ ಇರುತ್ತಾರೆ, ಅವರಿಗೂ ಏನಾದರೂ.

ಹೆಂಗಸರ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ಗಂಡಸರ ಕಡೆಯ ಸಂದರ್ಶನದ ಸಾಲಿನಲ್ಲಿ ನಿಂತವರೆಲ್ಲ ಹೆಂಡತಿ, ತಾಯಿ, ಅಕ್ಕ, ತಂಗಿ. ಹೆಂಗಸರ ಕಡೆಯ ಸಾಲು ಖಾಲಿ. ಗಂಡ ಬರಲ್ಲ, ಅಣ್ಣ ಬರಲ್ಲ. ತವರಿನಿಂದ ಯಾರಾದರೂ ಬಂದರೆ ತಾಯಿಯೊಬ್ಬಳು. ಅವರ ಪಿಪಿಸಿ ಎಷ್ಟು ತುಂಬಿರುತ್ತದೆ ಅಂತ ನೀವೇ ಲೆಕ್ಕ ಹಾಕಿ.

ಸಂಜೆಮಲ್ಲಿಗೆ:
ಸೋಮವಾರ ಹೋಗಿ ಬಂದೆ. ಬೇರೆಯವರಿಗೂ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಸಂದರ್ಶನವನ್ನು (ಅದನ್ನೇ ಮುಲಾಕಾತ್ ಅನ್ನೋದು) ಹಿಂದಿನ ದಿನವೇ ಸರ್ಕಾರದ ಇ-ಪ್ರಿಸನ್ಸ್ ತಾಣದ ಇ-ಮುಲಾಕಾತ್‌ನಲ್ಲಿ ಬುಕ್ ಮಾಡಿದ್ದೆ. ನನ್ನ ಹೆಸರು, ಗುರುತಿನ ಚೀಟಿ, ಅವನ ಹೆಸರು, ಜೈಲು ಎಲ್ಲ ತುಂಬಿದ ಮೇಲೆ ಫೋನಿಗೆ ಒಟಿಪಿ ಬರುತ್ತದೆ. ವಿಡಿಯೋದಲ್ಲಿ ಮಾತಾಡೋ ಆಯ್ಕೆಯೂ ಅದರಲ್ಲೇ ಇದೆ, ದೂರದವರು ನೋಡಿ. ಬಯಲುಸೀಮೆಯವರಿಗೆ ಅನುಕೂಲ ಆಗಬಹುದು.

ಗೇಟಿನಲ್ಲಿ ಮೊಬೈಲ್ ಇಟ್ಟುಕೊಂಡು ಟೋಕನ್ ಕೊಟ್ಟರು. ಕೈ ಮೇಲೆ ಸೀಲು ಒತ್ತಿದರು. ಪಿಪಿಸಿ ಕಿಟಕಿಯಲ್ಲಿ ಚೀಟಿ ಬರೆದುಕೊಟ್ಟೆ. ಅಲ್ಲಿನ ಸಿಬ್ಬಂದಿ ನಂಬರ್ ನೋಡಿ "ತಂದೆ ಹೆಸರು ಏನಮ್ಮಾ" ಅಂದರು. ಅವರ ಕಂಪ್ಯೂಟರಿನಲ್ಲಿ ಅಪ್ಪನ ಹೆಸರು ಶಿವಣ್ಣ ಬದಲು ಶಿವನ್ನ ಅಂತಿದೆ. ಎಫ್‌ಐಆರ್‌ನಲ್ಲೇ ಹಾಗೆ ಬಂದಿದೆಯಂತೆ. ಗೇಟಿನಾಚೆಯವರು ಹೇಳಿದ ಹಾಗೆ ನಂಬರ್ ಬರೆದುಕೊಂಡು ಹೋಗಿದ್ದಕ್ಕೆ ಬಚಾವಾಯಿತು. ಆ ಕಾಗುಣಿತವನ್ನೂ ರಸೀದಿ ಹಿಂದೆ ಬರೆದಿಟ್ಟುಕೊಂಡಿದ್ದೇನೆ, ಮನಿ ಆರ್ಡರ್ ಮಾಡುವಾಗ ಹಾಗೇ ಬರೆಯಬೇಕಲ್ಲ. ಸಣ್ಣ ಮೊತ್ತವೇ ಕಟ್ಟಿದೆ.

ತಮ್ಮ ಮೊದಲು ಕೇಳಿದ್ದು "ದುಡ್ಡು ಹಾಕಿದ್ಯಾ" ಅಂತ. ರಸೀದಿ ತೋರಿಸಿದೆ. ಅವನಿಗೆ ಬೇಕಿದ್ದಿದ್ದು ಏನು ಗೊತ್ತಾ? ಸ್ನಾನಕ್ಕೆ ಒಂದು ಮಗ್ಗು. ಒಳಗೆ ಇನ್ನೊಬ್ಬರ ಮಗ್ಗು ಕೇಳಿ ಕೇಳಿ ಸಾಕಾಗಿದೆಯಂತೆ.

ಕಾನೂನು ಸೇವಾ ಪ್ರಾಧಿಕಾರಕ್ಕೂ ಹೋಗಿದ್ದೆ. ಅರ್ಜಿ ತಗೊಂಡಿದ್ದಾರೆ. ಶ್ಯೂರಿಟಿಗೆ ಚಿಕ್ಕಪ್ಪ ಒಪ್ಪಿದ್ದಾರೆ, ಪಹಣಿ ಅವರದೇ. ಚಿನ್ನ ಸದ್ಯಕ್ಕೆ ಬೀರುವಿನಲ್ಲೇ ಇದೆ.

ಗೇಟಿನಾಚೆ:
ಒಳ್ಳೆ ಕೆಲಸ ಮಾಡಿದ್ರಿ. ಆ ರಸೀದಿಗಳನ್ನೆಲ್ಲ ಒಂದು ಕವರಿನಲ್ಲಿ ಇಟ್ಟುಕೊಳ್ಳಿ. ಬಿಡುಗಡೆ ದಿನ ಮಿಕ್ಕಿದ ದುಡ್ಡು ಲೆಕ್ಕ ಮಾಡಿ ವಾಪಸ್ ಕೊಡುತ್ತಾರೆ. ಜಾಮೀನು ಸಿಕ್ಕ ಖುಷಿಯಲ್ಲಿ ಅದನ್ನು ಬಿಟ್ಟು ಓಡಿಬರೋರು ಬಹಳ. ಬೇರೆ ಜೈಲಿಗೆ ವರ್ಗ ಮಾಡಿದರೂ ದುಡ್ಡು ಹಿಂದೆಯೇ ಹೋಗುತ್ತದೆ, ಆದರೆ ಬಂದಿ ಇವತ್ತು ಹೋದರೆ ಅದು ನಿಧಾನವಾಗಿ ಬರುತ್ತದೆ. ಆ ನಡುವಿನ ದಿನಗಳಿಗೆ ಹೊಸ ಜೈಲಿನಲ್ಲಿ ಸ್ವಲ್ಪ ಕಟ್ಟಬೇಕಾಗಬಹುದು. ದೇವರ ದಯೆ, ನಿಮಗೆ ಅದರ ಅಗತ್ಯವೇ ಬಾರದಿರಲಿ.

ಬಯಲುಸೀಮೆ:
ಅಂಚೆಯಣ್ಣ ಇದ್ದೀರಾ? ನೀವು ಹೇಳಿದ ಹಾಗೆ ಮಾವನಿಗೆ ಮನಿ ಆರ್ಡರ್ ಮಾಡಿದೆ. ವಾಪಸ್ ಬಂದಿದೆ. ವಿಚಾರಿಸಿದರೆ ಅವರಿಗೆ ಹೋದ ವಾರ ಶಿಕ್ಷೆ ಆಗಿ ಯುಟಿಪಿ ನಂಬರ್ ಹೋಗಿ ಸಿಟಿಪಿ ನಂಬರ್ ಬಂದಿದೆಯಂತೆ. ಮೇಲಾಗಿ ಬೇರೆ ಜೈಲಿಗೆ ಹಾಕಿದ್ದಾರೆ. ನನ್ನ ದುಡ್ಡು?

ಅಂಚೆಯಣ್ಣ:
ಇದ್ದೀನಿ. ಸುದ್ದಿ ಕೇಳಿ ಬೇಜಾರಾಯಿತು. ದುಡ್ಡು ಎಲ್ಲೂ ಹೋಗಲ್ಲ. ಕಳಿಸಿದವರಿಗೇ ವಾಪಸ್ ಕೊಡಬೇಕು. ರಸೀದಿ ಮತ್ತು ಗುರುತಿನ ಚೀಟಿ ತಗೊಂಡು ನೀವು ಕಳಿಸಿದ ಅಂಚೆ ಕಚೇರಿಗೇ ಹೋಗಿ. ಕಮಿಷನ್ ಮಾತ್ರ ಬರಲ್ಲ. ಹೊಸ ನಂಬರ್, ಹೊಸ ಜೈಲಿನ ಪಿನ್ ಸಿಕ್ಕಿದ ಮೇಲೆ ಮತ್ತೆ ಕಳಿಸಿ. ಮೇಲ್ಮನವಿಗೆ ದಿನಗಳ ಲೆಕ್ಕ ಇರುತ್ತೆ, ಅದನ್ನು ಕರಿಕೋಟು ಅವರನ್ನು ಇವತ್ತೇ ಕೇಳಿಬಿಡಿ.

ಕರಿಕೋಟು:
ಶಿಕ್ಷೆ ಕೊಟ್ಟಿದ್ದು ಯಾವ ಕೋರ್ಟು, ಎಷ್ಟು ವರ್ಷ? ತೀರ್ಪಿನ ಪ್ರತಿ ಶಿಕ್ಷೆಯಾದವರಿಗೆ ಉಚಿತವಾಗಿ ಕೊಡಬೇಕು, ಮಾವನ ಹತ್ತಿರ ಇದೆಯಾ ಅಂತ ನೋಡಿ. ಮೇಲ್ಮನವಿಗೂ ಕಾನೂನು ನೆರವು ಇದೆ. ಮೊದಲು ಆ ಪ್ರತಿ ಕೈಗೆ ಬರಲಿ.